ಅರ್ಜಿ ಹೆಚ್ಚಾದವು ಅನ್ನುತ್ತೀರಿ, ಹೆಚ್ಚಿಸಿದವರು ಯಾರು?

ಕಲಬುರಗಿ, ಬೀದರ್, ಯಾದಗಿರಿ, ಯಾವ ಜಿಲ್ಲೆಯ ಕಚೇರಿ ಮೆಟ್ಟಿಲು ಹತ್ತಿದರೂ ಒಂದೇ ಮಾತು: "ಮಾಹಿತಿ ಹಕ್ಕಿನ ಅರ್ಜಿ ಭಾಳ ಬರ್ಲತ್ತಾವ್ರೀ, ಬ್ಯಾರೆ ಕೆಲಸಕ್ಕ ಪುರಸೊತ್ತೇ ಇಲ್ಲ." ಅರ್ಜಿ ಹೆಚ್ಚಾಗಿರುವುದು ಖರೇ. ಆದರೆ ಆ ಹೊರೆಯ ಬಹುಪಾಲನ್ನು ಇಲಾಖೆಗಳೇ ಕೈಯಾರೆ ಬೆಳೆಸಿವೆ. ಸಿಟ್ಟು ಬರುವುದು ಅದಕ್ಕೇ.

2005ರ ಕಾಯ್ದೆಯ 4(1)(ಬಿ) ಕಲಂ ತೆಗೆದು ಓದಿ. 17 ಬಾಬತ್ತುಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು, ಅದೂ ಕಾಯ್ದೆ ಬಂದ 120 ದಿನಗಳೊಳಗೆ. ಆಮೇಲೆ ವರ್ಷವರ್ಷ ಪರಿಷ್ಕರಿಸಬೇಕು. ಅನುದಾನ, ಖರ್ಚು, ಸಹಾಯಧನದ ಫಲಾನುಭವಿಗಳ ವಿವರ, ಸಿಬ್ಬಂದಿ ಸಂಬಳ ಎಲ್ಲ ಅದರಲ್ಲಿವೆ. ಇಪ್ಪತ್ತು ವರ್ಷವಾಯಿತು. ವರ್ಗವಾಗಿ, ನಿವೃತ್ತರಾಗಿ ಹೋದವರ ಹೆಸರೇ ಇನ್ನೂ ಮಾಹಿತಿ ಅಧಿಕಾರಿ ಅಂತ ಫಲಕದ ಮೇಲೆ ಉಳಿದಿರುತ್ತದೆ.

ಜನ ಕೇಳುವುದಾದರೂ ಏನು? ಓಣಿಯ ಸಿಸಿ ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕದ ಪುಟ, ಬಿಲ್ಲು. ಒಂದು ಸಣ್ಣ ಕಾಮಗಾರಿಗೆ ಹತ್ತಿಪ್ಪತ್ತು ಹಾಳೆ. ಬಿಲ್ ಪಾಸಾದ ದಿನವೇ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿ, ಒಂದು ಪ್ರತಿ ಪಂಚಾಯತಿ ಫಲಕಕ್ಕೆ ಅಂಟಿಸಿದರೆ ಅರ್ಧ ತಾಸಿನ ಕೆಲಸ. ಅದೇ ಹಾಳೆಗಳನ್ನು ಎರಡು ವರ್ಷ ಬಿಟ್ಟು ರೆಕಾರ್ಡ್ ರೂಮಿನ ಗಂಟುಗಳಲ್ಲಿ ಹುಡುಕಲು ದಿನಗಟ್ಟಲೆ ಬೇಕು. ಅರ್ಜಿ ಹಾಕಿ ಗುತ್ತಿಗೆದಾರರನ್ನು ಹೆದರಿಸಿ ದುಡ್ಡು ಕೀಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕಾಗದ ಗೋಡೆಯ ಮೇಲಿದ್ದರೆ ಅವರ ದಂಧೆ ನಡೆಯುವುದಾದರೂ ಹೇಗೆ? ಮುಚ್ಚಿಟ್ಟಿದ್ದಕ್ಕೇ ಅದಕ್ಕೆ ಬೆಲೆ ಬಂದಿದೆ.

ಇನ್ನೊಂದು ದೂರು: "ಒಬ್ಬನೇ ಹತ್ತು ಅರ್ಜಿ ಹಾಕ್ತಾನ." ಹಾಕಲೇಬೇಕಲ್ಲ! 2008ರಲ್ಲಿ ರಾಜ್ಯದ ನಿಯಮಗಳಿಗೆ ತಿದ್ದುಪಡಿ ತಂದು, ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಬೇರೆ ವಿಷಯಕ್ಕೆ ಬೇರೆ ಅರ್ಜಿ ಅಂದವರು ಯಾರು? ಒಂದರಲ್ಲಿ ಮುಗಿಯಬೇಕಾದದ್ದನ್ನು ನೀವೇ ಹತ್ತು ಮಾಡಿಸಿ, ಈಗ ಹತ್ತು ಬಂದವು ಅಂತ ಲೆಕ್ಕ ತೋರಿಸಿದರೆ ಯಾರು ಒಪ್ಪಬೇಕು?

ಅರ್ಜಿ ವರ್ಗಾವಣೆಯ ಕಥೆ ಇದಕ್ಕಿಂತ ಕೆಟ್ಟದ್ದು. ಜಿಲ್ಲಾ ಕಚೇರಿಗೆ ಒಂದು ಅರ್ಜಿ ಹೋಗುತ್ತದೆ. ಕ್ರೋಡೀಕೃತ ಪಟ್ಟಿ ಅಲ್ಲಿಯೇ ಇರುತ್ತದೆ, ಯಾಕೆಂದರೆ ಬೆಂಗಳೂರಿಗೆ ವರದಿ ಕಳಿಸಿದ್ದು ಆ ಕಚೇರಿಯೇ. ಆದರೂ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು ಅಲ್ಲಿಗೆ ಕಳಿಸಿ ಅನ್ನುವ 6(3) ಕಲಂ ಹಿಡಿದು ಎಲ್ಲ ತಾಲ್ಲೂಕುಗಳಿಗೆ ಅಟ್ಟುತ್ತಾರೆ. ಕಲಬುರಗಿಯಲ್ಲಿ ಅದು 11 ಅರ್ಜಿ, ಬೀದರಿನಲ್ಲಿ 8, ಯಾದಗಿರಿಯಲ್ಲಿ 6. ಹನ್ನೊಂದು ಉತ್ತರ, ಉತ್ತರ ಬಾರದ ಕಡೆಗೆಲ್ಲ ಮೇಲ್ಮನವಿ. ಕಾಳಗಿ, ಯಡ್ರಾಮಿ, ಹುಲಸೂರು, ವಡಗೇರಾದಂಥ ಹೊಸ ತಾಲ್ಲೂಕಿಗೆ ಹೋದರಂತೂ "ಹಳೆ ಕಡತ ಹಳೆ ತಾಲ್ಲೂಕಿನ್ಯಾಗ ಅದ" ಅಂತ ಮತ್ತೊಂದು ಸುತ್ತು. ವರ್ಗಾಯಿಸಲು ಕಾಯ್ದೆ ಕೊಟ್ಟಿರುವುದು 5 ದಿನ. ಇವರು ಮಾಡುವುದು ಇಪ್ಪತ್ತೈದನೇ ದಿನ.

ಉತ್ತರ ಕೊಡಲು ಇರುವ ಮೂವತ್ತು ದಿನದ ಗಡುವಿನ ಜೊತೆ ಆಡುವ ಆಟ ನೋಡಿ. ಟಪಾಲು ಶಾಖೆಯಲ್ಲಿ ಸೀಲು ಬಿದ್ದ ಅರ್ಜಿ ಸಂಬಂಧಪಟ್ಟ ಮೇಜಿಗೆ ಇಳಿಯಲು ವಾರ, ಅಲ್ಲಿ ಎರಡು ವಾರ. ಇಪ್ಪತ್ತೊಂಬತ್ತನೇ ದಿನ ಪತ್ರ: 640 ಪುಟ, ಪುಟಕ್ಕೆ 2 ರೂಪಾಯಿಯಂತೆ 1,280 ರೂಪಾಯಿ ಕಟ್ಟಿ. ಶುಲ್ಕದ ಪತ್ರ ಹೊರಟ ದಿನದಿಂದ ಹಣ ಕಟ್ಟುವವರೆಗಿನ ಕಾಲವನ್ನು 7(3) ಕಲಂ ಗಡುವಿನಿಂದ ಬಿಡುತ್ತದೆ, ಅದಕ್ಕೇ ಕೊನೆ ಗಳಿಗೆಯವರೆಗೆ ತಡೆಯುತ್ತಾರೆ. ಕೇಳಿದ್ದು 12 ಪುಟವಾದರೂ ಇಡೀ ಕಡತದ ಲೆಕ್ಕ ಹಾಕಿರುತ್ತಾರೆ. ಗಡುವು ಮೀರಿದರೆ 7(6)ರ ಪ್ರಕಾರ ಪುಕ್ಕಟೆ ಕೊಡಬೇಕು. ಅದನ್ನು ತಪ್ಪಿಸಿಕೊಳ್ಳಲು ಪತ್ರದ ಮೇಲೆ ಹಳೆ ದಿನಾಂಕ, ಲಕೋಟೆಯ ಮೇಲೆ ವಾರದ ನಂತರದ ಅಂಚೆ ಮುದ್ರೆ. ಲಕೋಟೆ ಎಸೆಯಬೇಡಿ, ಪತ್ರಕ್ಕೇ ಪಿನ್ ಹೊಡೆದಿಡಿ, ಮೇಲ್ಮನವಿಯಲ್ಲಿ ಅದರ ಪ್ರತಿ ಲಗತ್ತಿಸಿ.

"ಫೈಲ್ ಸಿಗ್ಲತ್ತಿಲ್ರಿ" ಅನ್ನುವುದು ಉತ್ತರವೇ ಅಲ್ಲ. ಕಾಯ್ದೆಯ 8, 9ನೇ ಕಲಂಗಳ ವಿನಾಯಿತಿಗಳಲ್ಲಿ ಕಡತ ಕಳೆದಿದೆ ಅನ್ನುವುದು ಎಲ್ಲಿಯೂ ಇಲ್ಲ. ಹುಡುಕಿಸಬೇಕು, ಕಳೆದದ್ದು ಖರೇ ಆದರೆ ಹೊಣೆ ಯಾರದು ಅಂತ ವಿಚಾರಣೆ ಆಗಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. 2011ರ ಸುಪ್ರೀಂ ಕೋರ್ಟ್ ತೀರ್ಪಿನ, ಸಿಬ್ಬಂದಿಯ ಮುಕ್ಕಾಲು ವೇಳೆ ಮಾಹಿತಿ ಕೊಡುವುದಕ್ಕೇ ಹೋಗಬಾರದು ಎಂಬ ಸಾಲು ಮಾತ್ರ ಅಧಿಕಾರಿಗಳಿಗೆ ಬಾಯಿಪಾಠ. 4(1)(ಬಿ)ಯ ಮಾಹಿತಿಯನ್ನು ಹೊರತರಲು ಎಲ್ಲ ಪ್ರಯತ್ನ ಮಾಡಬೇಕು ಅಂತ ಅದೇ ತೀರ್ಪು ಹೇಳಿದ್ದನ್ನು ಯಾರೂ ಓದುವುದಿಲ್ಲ.

ಕೆಳಗಿನ ನೌಕರರ ಮೇಲೆ ಕನಿಕರ ಇದೆ. ಹುದ್ದೆ ಖಾಲಿ, ಒಬ್ಬ ಪಿಡಿಒಗೆ ಎರಡು ಪಂಚಾಯತಿ. ಆದರೆ 5(4), 5(5) ಕಲಂ ಯಾಕಿವೆ? ಕಡತ ಯಾರ ಬೀರುವಿನಲ್ಲಿದೆಯೋ ಅವರಿಂದ ಮಾಹಿತಿ ಅಧಿಕಾರಿ ಲಿಖಿತವಾಗಿ ನೆರವು ಕೇಳಿದರೆ, ಕೊಡದಿದ್ದಾಗ ದಂಡದ ಹೊಣೆ ಅವರಿಗೂ ತಗಲುತ್ತದೆ. ದಿನಕ್ಕೆ 250 ರೂಪಾಯಿ, ನೂರನೇ ದಿನಕ್ಕೆ 25,000ದ ಮಿತಿ. ಕಡತ ಇಟ್ಟುಕೊಂಡ ಎಂಜಿನಿಯರಿಗೆ ನೆರವು ಕೇಳುವ ಆ ಒಂದು ಚೀಟಿ ಬರೆಯಲು ಹೆದರಿ, ಅರ್ಜಿದಾರರನ್ನು ವರ್ಷಗಟ್ಟಲೆ ಅಲೆಸುತ್ತಾರೆ.

ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ. 30 ದಿನ, ಕಾರಣ ಬರೆದರೆ 45 ದಿನದಲ್ಲಿ ತೀರ್ಮಾನ ಆಗಬೇಕು. ಬರುವುದು ಒಂದೇ ಸಾಲು: "ನಿಯಮಾನುಸಾರ ಮಾಹಿತಿ ನೀಡಲು ಸೂಚಿಸಿದೆ." ಯಾವ ಪುಟ, ಯಾವ ದಿನದೊಳಗೆ, ಏನೂ ಇಲ್ಲ. ಅಲ್ಲಿಂದ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಕಲಬುರಗಿಯಲ್ಲೇ ಪೀಠ ಆದದ್ದರಿಂದ ಬೆಂಗಳೂರಿನ ಹಾದಿ ತಪ್ಪಿತು, ಸರಿ. ಆದರೆ ಔರಾದಿನಿಂದಲೋ ಹುಣಸಗಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರ ಎದುರು, ಕಡತವೂ ಇಲ್ಲದೆ ಒಬ್ಬ ಗುಮಾಸ್ತನನ್ನು ಕಳಿಸಿ ಕಾಲಾವಕಾಶ ಕೇಳಿಸುತ್ತಾರೆ. ಮುಂದಿನ ತಾರೀಖು ಬೀಳುತ್ತದೆ. ಆ ಎಂ.ಬಿ. ಪುಟ ಸಿಗುವ ಹೊತ್ತಿಗೆ ಓಣಿಯ ರಸ್ತೆ ಕಿತ್ತುಹೋಗಿ, ಅದೇ ಜಾಗಕ್ಕೆ ಹೊಸ ಅಂದಾಜು ಪಟ್ಟಿ ತಯಾರಾಗಿರುತ್ತದೆ.