ಗಟಾರದ ನೀರು, ಟ್ಯಾಂಕರಿನ ನೀರು

ನಿನ್ನೆ ಬೆಳಿಗ್ಗೆ ತೋಟಕ್ಕೆ ಟ್ಯಾಂಕರ್ ತರಿಸಿದೆ. 5,000 ಲೀಟರಿಗೆ 800 ರೂಪಾಯಿ. ದುಡ್ಡು ಎಣಿಸಿ ಕೊಟ್ಟು ಶಿರಸಿ ಪೇಟೆಗೆ ಹೊರಟೆ. ಪೇಟೆಯ ಅಂಚಿನಲ್ಲಿ ಗಟಾರ ಹರಿಯುತ್ತಿತ್ತು. ನಮ್ಮ ಹಳ್ಳ ಬತ್ತಿ ತಿಂಗಳಾಯಿತು, ಗಟಾರ ಮಾತ್ರ ಬತ್ತಿಲ್ಲ. ಬೈಕ್ ನಿಲ್ಲಿಸಿ ನೋಡಿದೆ. ಹೊಟ್ಟೆ ಉರಿಯಿತು. ಪೇಟೆಯ ಈ ನೀರನ್ನು ಶುದ್ಧ ಮಾಡಿ, ಬೇಸಿಗೆಯಲ್ಲಿ ನಮ್ಮ ಅಡಿಕೆ ತೋಟಗಳಿಗೆ ಪೈಪಿನಲ್ಲಿ ಕೊಡಬೇಕು ಅನ್ನುವುದು ನನ್ನ ಮಾತು.

ಒಂಚೂರು ಲೆಕ್ಕ ಹಾಕಿ. ಡ್ರಿಪ್‌ನಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ ಹೆಚ್ಚುಕಡಿಮೆ 20 ಲೀಟರ್ ಸಾಕು. ದಿನಕ್ಕೆ 10 ಲಕ್ಷ ಲೀಟರ್ ಶುದ್ಧ ಮಾಡಿ ಕೊಟ್ಟರೆ 50,000 ಮರ ಬದುಕುತ್ತವೆ. ಅಂದರೆ ಸುಮಾರು 90 ಎಕರೆ ತೋಟ. 2011ರ ಜನಗಣತಿಯಲ್ಲೇ ಶಿರಸಿ ಪೇಟೆಯಲ್ಲಿ 60 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಒಬ್ಬರು 100 ಲೀಟರ್ ಬಳಸಿದರೆ 80 ಲೀಟರ್ ಬಚ್ಚಲಿಂದ ಆಚೆ ಹೋಗುತ್ತದೆ. ನಾನು ಕೇಳುತ್ತಿರುವ 10 ಲಕ್ಷ ಅದರ ಕಾಲುಭಾಗವೂ ಅಲ್ಲ!

ಪೈಪು, ಪಂಪು ದುಬಾರಿ ಅನ್ನುತ್ತಾರೆ. ಸಾವಿರ ಲೀಟರ್ ನೀರನ್ನು 60 ಮೀಟರ್ ಎತ್ತರಕ್ಕೆ ಏರಿಸಲು ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಬೇಕು. ಅದೇ ಸಾವಿರ ಲೀಟರಿಗೆ ನಾನು ಟ್ಯಾಂಕರಿನವನಿಗೆ 160 ರೂಪಾಯಿ ಕೊಟ್ಟೆ. ಶುದ್ಧ ಮಾಡುವ ಖರ್ಚನ್ನು ರೈತನ ತಲೆಗೆ ಕಟ್ಟುವುದೂ ಸರಿಯಲ್ಲ. ಹೊಳೆ ಕೆಡಬಾರದು ಅಂದರೆ ಆ ಕೆಲಸ ಹೇಗೂ ಆಗಲೇಬೇಕು, ಅಲ್ವಾ? ನಮ್ಮ ಪಾಲಿಗೆ ಬರುವುದು ಪೈಪು, ಪಂಪು ಮಾತ್ರ. ಅದಕ್ಕೆ ದುಡ್ಡು ಕೊಡಲು ನಾನು ಇವತ್ತೇ ತಯಾರು.

ಮಳೆಗಾಲದಲ್ಲಿ ಆ ಪೈಪು ಸುಮ್ನೆ ಬಿದ್ದಿರುತ್ತದಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಹೌದು, ಇಲ್ಲಿ ಎಂಟು ತಿಂಗಳು ಅದು ಬೇಡ. ಆದರೆ ನಮ್ಮ ನಷ್ಟ ಆಗುವುದು ಉಳಿದ ನಾಲ್ಕು ತಿಂಗಳಲ್ಲೇ. ಏಪ್ರಿಲ್‌ನಲ್ಲಿ ನೀರು ತಪ್ಪಿದರೆ ಮಿಡಿ ಉದುರುತ್ತದೆ. ಉದುರಿದ್ದು ಜೂನ್ ಮಳೆಗೆ ವಾಪಸ್ ಬರುವುದಿಲ್ಲ.

ಇನ್ನು ಗೊಬ್ಬರ. ಶುದ್ಧ ಮಾಡಿದ ನೀರಲ್ಲಿ ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಉಳಿದರೆ 10 ಲಕ್ಷ ಲೀಟರಿಗೆ 20 ಕೆ.ಜಿ. 120 ದಿನಕ್ಕೆ 2,400 ಕೆ.ಜಿ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಕೊಡಿ ಅನ್ನುತ್ತದೆ ಶಿಫಾರಸು. 50,000 ಮರಕ್ಕೆ ಬೇಕಾದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಇಲ್ಲೇ ಸಿಕ್ಕಿತು.

ಕೋಲಾರದ ಮಾತು ಬಂದೇ ಬರುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಅಲ್ಲಿಗೆ ಕಳಿಸಿದಾಗ ಕೆರೆಯಲ್ಲಿ ನೊರೆ ಎದ್ದು, ವಿಷಯ ಕೋರ್ಟಿಗೆ ಹೋಯಿತು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದು ಬೆಂಗಳೂರಿನ ನೀರು, ಹೋಗಿದ್ದು ಕೆರೆ ತುಂಬಿಸಲಿಕ್ಕೆ. ಇಲ್ಲಿ ಹೆಚ್ಚಾಗಿ ಮನೆಯ ನೀರು, ಹೋಗುವುದು ಡ್ರಿಪ್‌ನಲ್ಲಿ ಬುಡಕ್ಕೆ. ಕಾಯಿ ಇರುವುದು ಆಳೆತ್ತರಕ್ಕಿಂತ ಎಷ್ಟೋ ಮೇಲೆ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ, ಫಲಿತಾಂಶವನ್ನು ಊರಿಗೆಲ್ಲ ಕಾಣುವ ಹಾಗೆ ಹಚ್ಚಲಿ.

ಮೈಲಿಗೆ ಅನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಕೊಟ್ಟಿಗೆ ಗೊಬ್ಬರ ಕೈಯಲ್ಲೇ ಹಾಕಿ ಬೆಳೆಸಿದ ತೋಟ ಇದು.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಆರು ವರ್ಷದಲ್ಲಿ ಮೂರು ಬೋರ್ ಕೊರೆಸಿದೆ. ಎರಡರಲ್ಲಿ ಬರೀ ಧೂಳು ಬಂತು. ಆ ದುಡ್ಡು ಮಗಳ ಓದಿಗೆ ಅಂತ ತೆಗೆದಿಟ್ಟದ್ದು. ಅವಳಿಗೆ ಇನ್ನೂ ಗೊತ್ತಿಲ್ಲ.

ನಾಡಿದ್ದು ಮತ್ತೆ ಟ್ಯಾಂಕರ್ ಬರುತ್ತದೆ. 250 ಮರಕ್ಕೆ, ಒಂದು ದಿನಕ್ಕೆ.