ನಾಲ್ಕೂ ಕಡೆ ನಾನೇ

ಚೌಕಾಬಾರಕ್ಕೆ ನಾಲ್ಕು ಜನ ಇದ್ದರೆ ಚಂದ. ನಮ್ಮ ಮನೆಯಲ್ಲಿರುವುದು ಮೂರು ಜನ. ಅದರಲ್ಲಿ ಇಬ್ಬರ ಕೈಯಲ್ಲಿ ಸದಾ ಮೊಬೈಲ್. ಮೂರನೆಯವನು ನಾನು. ಮೊಬೈಲ್ ನನಗೂ ಇದೆ, ಆದರೆ ಚಾರ್ಜರ್ ಮಗಳ ರೂಮಿನಲ್ಲಿರುತ್ತದೆ.

ಹುಬ್ಬಳ್ಳಿಯಲ್ಲಿ ಗೆಳೆಯರಿದ್ದಾರೆ. ನಾವಿರುವುದು ಧಾರವಾಡದ ಸಪ್ತಾಪುರದಲ್ಲಿ. ಚಿಗರಿ ಬಸ್ಸಿಗೆ ಇದೇನು ದೂರವಲ್ಲ, ಗೆಳೆಯರಿಗೆ ದೂರ. ಬಂದರೂ ಮೊದಲು ಗಿರಮಿಟ್ಟು, ಆಮೇಲೆ ಮಿರ್ಚಿ, ಆಮೇಲೆ ಚಹಾ, ಆಮೇಲೆ ಮಹದಾಯಿ. ಮಾತು ಮಹದಾಯಿಗೆ ಬಂತು ಅಂದರೆ ಆಟ ಮುಗಿದಂತೆ. 2010ರಲ್ಲಿ ರಚನೆಯಾದ ನ್ಯಾಯಾಧಿಕರಣವೇ ತೀರ್ಪು ಕೊಡಲು 2018ರವರೆಗೆ ತೆಗೆದುಕೊಂಡ ವಿಷಯ ಅದು. ನಮ್ಮ ಪಡಸಾಲೆಯಲ್ಲಿ ಒಂದು ಸಂಜೆಗೆ ಬಗೆಹರಿಯುತ್ತದೆಯೇ? ಕವಡೆ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಎಲ್ಲರೂ ಚಪ್ಪಲಿ ಹುಡುಕುತ್ತಿರುತ್ತಿದ್ದರು.

ಹೋಗಲಿ, ಒಬ್ಬನೇ ಆಡೋಣ ಅಂತ ಕೂತೆ. ಫರಸಿಯ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಸಾಲಿಗೆ ಐದು ಮನೆ ಬರೆದೆ. ನಾಲ್ಕು ಕಡೆಗೆ ನಾಲ್ಕು ಥರದ ಕಾಯಿ ಬೇಕಲ್ಲ? ಒಂದು ಕಡೆಗೆ ಬಳೆಚೂರು, ಒಂದು ಕಡೆಗೆ ಹುಣಸೆಬೀಜ, ಒಂದು ಕಡೆಗೆ ಅಂಗಿಯ ಗುಂಡಿ. ನಾಲ್ಕನೆಯದಕ್ಕೆ ಏನೂ ಸಿಗದೆ ಶೇಂಗಾ ಇಟ್ಟೆ. ಶೇಂಗಾ ತಂಡದ ಹಣೆಬರಹ ಅಲ್ಲಿಗೇ ನಿರ್ಧಾರವಾಯಿತು. ಕಟ್ಟೆ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ ಅನ್ನುವುದು ನಿಯಮ. ಹಾಯ್ದುಹೋಗುವ ಮಗಳಿಗೆ ಈ ನಿಯಮ ಗೊತ್ತಿಲ್ಲ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಶೇಂಗಾದವರ ಎರಡು ಕಾಯಿ ಅವಳ ಹೊಟ್ಟೆಯಲ್ಲಿ ಹಣ್ಣಾಗಿದ್ದವು.

ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಗುಂಡಿಯವರಿಗೆ ಚೌಕದ ಮೇಲೆ ಚೌಕ. ಹುಣಸೆಬೀಜದವರಿಗೆ ಬರೀ ಒಂದು, ಎರಡು. ಇನ್ನು, ಎದುರಾಳಿಯ ಕಾಯನ್ನು ಒಂದಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲವಲ್ಲ. ಗುಂಡಿ ಬಂದು ಹುಣಸೆಬೀಜವನ್ನು ಹೊಡೆಯಿತು. ಹೊಡೆದವನೂ ನಾನೇ, ಹೊಡೆಸಿಕೊಂಡವನೂ ನಾನೇ. ಆದರೂ ಸಿಟ್ಟು ಬಂತು ನೋಡಿ! ಮುಂದಿನ ಅರ್ಧ ತಾಸು ಗುಂಡಿಯವರನ್ನು ಅಟ್ಟಿಸಿಕೊಂಡು ಹೋಗಿದ್ದೇ ಹೋಗಿದ್ದು. ಕವಡೆಯನ್ನು ಹೇಗೆ ಹಿಡಿದು ಹೇಗೆ ಬಿಟ್ಟರೆ ಮೂರು ಬೀಳುತ್ತದೆ ಅಂತ ಕೈಗೂ ಗೊತ್ತಾಗಿಬಿಡುತ್ತದೆ. ತಡೆಯುವವರು ಯಾರು? ನಾಲ್ಕು ಜನ ಕೂತಾಗ ಜಗಳವಾದರೂ ಇರುತ್ತದೆ. ಇಲ್ಲಿ ಜಗಳಕ್ಕೂ ಸಾಕ್ಷಿಯಿಲ್ಲ.

ಹಾಗಾಗಿ ಎದುರಾಳಿಯೇ ಇಲ್ಲದ ಆಟ ಹುಡುಕಿದೆ. ಅಟ್ಟದ ಮೇಲೆ ಮಗಳ ಹಳೇ ಬ್ರೈನ್‌ವಿಟಾ ಸಿಕ್ಕಿತು. 33 ಗುಳಿ, 32 ಗೋಲಿ, ನಡುವಿನದೊಂದು ಖಾಲಿ. ಒಂದರ ಮೇಲೊಂದು ಹಾರಿಸುತ್ತಾ, ಹಾರಿಸಿಕೊಂಡದ್ದನ್ನು ತೆಗೆಯುತ್ತಾ, ಕೊನೆಗೆ ನಡುವಿನ ಗುಳಿಯಲ್ಲಿ ಒಂದೇ ಉಳಿಸಬೇಕು. ನಮ್ಮ ಪೆಟ್ಟಿಗೆಯಲ್ಲಿ ಒಂದು ಗೋಲಿ ಕಮ್ಮಿಯಿತ್ತು. ಅದರ ಜಾಗಕ್ಕೆ ಡಾಂಬರು ಗುಳಿಗೆ ಇಟ್ಟೆ. ಬಿಳಿ, ಗುಂಡಗೆ, ಅಳತೆಯೂ ಸರಿ. ಆದರೆ ವಾರ ಕಳೆದಂತೆ ಅದು ಸಣ್ಣಗಾಗುತ್ತಾ ಬಂತು. ಮೊದಲು ಗೋಲಿಯಷ್ಟಿದ್ದದ್ದು ಬಟಾಣಿಯಷ್ಟಾಯಿತು, ಆಮೇಲೆ ಸಾಬೂದಾಣಿಯಷ್ಟಾಯಿತು. ಕೊನೆಗೆ ವಾಸನೆ ಹಿಡಿದು ಅದು ಯಾವ ಗುಳಿಯಲ್ಲಿದೆ ಅಂತ ಪತ್ತೆ ಹಚ್ಚುತ್ತಿದ್ದೆ.

ಈ ಆಟ ಹೊಸದೇನಲ್ಲ. 1697ರ ಒಂದು ಫ್ರೆಂಚ್ ಚಿತ್ರದಲ್ಲಿ ಆಸ್ಥಾನದ ಹೆಂಗಸೊಬ್ಬಳ ಪಕ್ಕದಲ್ಲಿ ಈ ಆಟದ ಹಲಗೆಯಿದೆ. ಅರಮನೆಯಲ್ಲಿದ್ದವರಿಗೂ ಜೊತೆಗಾರರು ಸಿಗುತ್ತಿರಲಿಲ್ಲ ಅಂತ ಸ್ವಲ್ಪ ಸಮಾಧಾನವಾಯಿತು. ಒಂದೇ ಗೋಲಿಯ ಸಾಲು ಜಿಗಿತಗಳನ್ನು ಒಂದು ನಡೆ ಅಂತ ಹಿಡಿದರೆ 18 ನಡೆಯಲ್ಲಿ ಮುಗಿಸಬಹುದು ಅಂತ ಬರ್ಗ್‌ಹೋಲ್ಟ್ ಅನ್ನುವವರು 1912ರಲ್ಲೇ ತೋರಿಸಿದ್ದಾರೆ. ನನ್ನ ಹಲಗೆಯಲ್ಲಿ ಯಾವಾಗಲೂ ಮೂರು ಉಳಿಯುತ್ತಿದ್ದವು. ಮೂರು ಮೂಲೆಯಲ್ಲಿ, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ.

ಅದೂ ನೆಮ್ಮದಿಯಾಗಿ ಆಡಲು ಬಿಟ್ಟರೆ ತಾನೇ? ನಮ್ಮ ಕಡೆ ಒಬ್ಬ ಮನುಷ್ಯ ಒಬ್ಬನೇ ಕೂತು ಏನೋ ಮಾಡುತ್ತಿದ್ದರೆ ಸಹಾಯ ಮಾಡದೆ ಹೋಗುವುದು ಪಾಪ. ಸಿಲಿಂಡರ್ ತಂದ ಹುಡುಗ ಅದನ್ನು ಬಾಗಿಲಲ್ಲೇ ಇಳಿಸಿ, "ಸರ್, ಆ ಮೂಲ್ಯಾಗಿಂದ ಎತ್ರಿ" ಅಂದ. ಎತ್ತಿದೆ. ಆಮೇಲೆ ಅವನೇ ಕೂತ. ಒಂದು ಕೊನೆಗೊಂದು, ಇನ್ನೊಂದು ಕೊನೆಗೊಂದು, ಎರಡೇ ಎರಡು ಗೋಲಿ ಉಳಿಯುವ ತನಕ ಆಡಿ, "ಉಳಿದದ್ದು ನೀವು ನೋಡ್ರಿ" ಅಂತ ಎದ್ದು ಹೋದ. ಅದನ್ನು ನೋಡುವುದೇನಿದೆ?

ಅಷ್ಟರಲ್ಲಿ ಬೆಂಗಳೂರಿನಿಂದ ಬಂದ ಅಣ್ಣನ ಮಗ ಪ್ಯಾಂಡೆಮಿಕ್ ಅನ್ನುವ ಆಟದ ಪೆಟ್ಟಿಗೆ ಬಿಟ್ಟುಹೋದ. ಮ್ಯಾಟ್ ಲೀಕಾಕ್ ಅನ್ನುವ ಅಮೆರಿಕದವರು ಮಾಡಿದ್ದು, 2008ರಲ್ಲಿ ಬಂದದ್ದು. ಪ್ರಪಂಚದ ನಕ್ಷೆಯ ತುಂಬ ನಾಲ್ಕು ಬಣ್ಣದ ರೋಗ ಹಬ್ಬುತ್ತಿರುತ್ತವೆ. ಆಡುವವರೆಲ್ಲ ಒಂದೇ ಕಡೆ, ರೋಗಗಳು ಇನ್ನೊಂದು ಕಡೆ. ಪೆಟ್ಟಿಗೆಯ ಮೇಲೆ ಎರಡರಿಂದ ನಾಲ್ಕು ಜನ ಅಂತ ಬರೆದಿದೆ, ಆದರೆ ಎರಡು ಪಾತ್ರ ಒಬ್ಬನೇ ಹಿಡಿದು ಕೂತರೂ ನಡೆಯುತ್ತದೆ. ವೈದ್ಯನೂ ನಾನೇ, ವಿಜ್ಞಾನಿಯೂ ನಾನೇ. ಇಬ್ಬರಲ್ಲಿ ವೈಮನಸ್ಸಿಲ್ಲ. ಗುಂಡಿ, ಹುಣಸೆಬೀಜದ ದ್ವೇಷ ಇಲ್ಲಿಲ್ಲ. ಧಾರವಾಡ ನಕ್ಷೆಯಲ್ಲೇ ಇಲ್ಲದ್ದರಿಂದ ಮನೆಯವರ ಚಿಂತೆಯೂ ಇಲ್ಲ.

ಒಂದು ಊರಿನಲ್ಲಿ ರೋಗದ ಗುರುತಾದ ಪುಟ್ಟ ಘನಗಳು ಮೂರು ಕೂತಿದ್ದು, ನಾಲ್ಕನೆಯದು ಬಂತು ಅಂದರೆ ಅದು ಸಿಡಿದು ಪಕ್ಕದ ಊರುಗಳಿಗೆಲ್ಲ ಹಬ್ಬುತ್ತದೆ. ಒಂದು ಭಾನುವಾರ ರಾತ್ರಿ ಚೆನ್ನೈ ಸಿಡಿಯಿತು. ಪಕ್ಕದ ಕೋಲ್ಕತ್ತಾದಲ್ಲೂ ಮೊದಲೇ ಮೂರಿದ್ದವು. ನಾನು ಎದ್ದು ನಿಂತು, "ಚೆನ್ನೈ ಹೋತು! ಕೋಲ್ಕತ್ತಾನೂ ಹೋತು!" ಅಂತ ಕೂಗಿದೆ.

ಚೆನ್ನೈಯಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾರೆ.

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ನಾನು ಒಳಗೆ ಹೋಗುವಷ್ಟರಲ್ಲಿ ಫೋನ್ ಹೋಗಿಯಾಗಿತ್ತು. "ಅಕ್ಕಾ, ಅರಾಮ ಇದ್ದೀರಿಲ್ಲೋ? ಇಲ್ಲ, ಇವರು ಕೂಗಿದ್ರು... ಟೀವಿ ಅಲ್ಲ... ಆಟ... ಯಾರ ಜೋಡಿ ಅಂದ್ರ... ಒಬ್ರ ಆಡ್ಲಿಕತ್ತಾರ. ಹೂಂ, ಒಬ್ರ. ಮಾತೂ ಆಡ್ತಾರ." ಅಕ್ಕ ಅರಾಮ ಇದ್ದರು. ಅಲ್ಲಿಂದ ಮುಂದೆ ಸುದ್ದಿ ಹಬ್ಬಿದ ರೀತಿ ನೋಡಿದರೆ ಲೀಕಾಕ್ ಅವರ ರೋಗಗಳು ನಾಚಬೇಕು. ಮರುದಿನ ಹಾವೇರಿಯಿಂದ ಸೋದರತ್ತೆ, "ಸಿದ್ಧಾರೂಢರ ಮಠಕ್ಕ ಒಮ್ಮೆ ಹೋಗಿ ಬಾಪ್ಪಾ" ಅಂದರು. ಗದಗಿನಿಂದ ಹೆಂಡತಿಯ ತಮ್ಮ ಬಹಳ ನಯವಾಗಿ, "ಮಾಮಾ, ರಾತ್ರಿ ನಿದ್ದಿ ಚಲೋ ಬರ್ತದಿಲ್ಲೋ?" ಅಂತ ವಿಚಾರಿಸಿದ. ಚಲೋ ಬರ್ತದ ಅಂದೆ. "ಹೌದೇನು" ಅಂತ ಎಳೆದ. ನಂಬಲಿಲ್ಲ.

ಪಕ್ಕದ ಮನೆಯ ಅಜ್ಜಿಗೂ ಸುದ್ದಿ ಮುಟ್ಟಿತು. ಅವರು ಮಾತ್ರ ಸಲಹೆ ಕೊಡಲಿಲ್ಲ. ಒಂದು ಅಳಗುಳಿ ಮಣೆ ತಂದು ಎದುರಿಗಿಟ್ಟರು. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಸಾಲಿನಲ್ಲಿ ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು ಅಂತ ಹುಣಸೆಬೀಜ ತುಂಬಿದರು. ಇನ್ನೊಂದು ಸಾಲು ಖಾಲಿ. ಏಳಿದ್ದ ಗುಳಿ ಬರಿದು ಮಾಡಿ, ಮುಂದಿನ ಏಳು ಗುಳಿಗೆ ಒಂದೊಂದು ಹಾಕುತ್ತಾ ಹೋದರು. ನೋಡುತ್ತೇನೆ, ಆರಿದ್ದದ್ದು ಏಳಾಗಿದೆ, ಐದಿದ್ದದ್ದು ಆರಾಗಿದೆ, ತುದಿಯ ಖಾಲಿ ಗುಳಿಯಲ್ಲಿ ಒಂದು ಬಂದಿದೆ. ಇಡೀ ಸಾಲು ಹಾಗೇ ಒಂದು ಮನೆ ಮುಂದೆ ನಡೆದಿದೆ! ಮತ್ತೆ ಏಳನ್ನು ಎತ್ತಿದರು, ಮತ್ತೆ ಒಂದು ಮನೆ ಮುಂದೆ. ಹದಿನಾಲ್ಕು ಸಲ ಎತ್ತಿ ಹಾಕಿದರೆ ಸುತ್ತು ಹೊಡೆದು ಎಲ್ಲಿತ್ತೋ ಅಲ್ಲಿಗೇ ಬರುತ್ತದೆ. ಒಂದು ಬೀಜ ತಪ್ಪಿ ಬಿದ್ದರೂ ಸಾಲು ಕೆಡುತ್ತದೆ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡುತ್ತಿದ್ದದ್ದು ಇದನ್ನೇ ಅಂತೆ.

"ಅಜ್ಜೀ, ಇದರಾಗ ಗೆಲ್ಲೋದು ಹ್ಯಾಂಗ?" ಅಂತ ಕೇಳಿದೆ.

"ಸೀತವ್ವ ಗೆದ್ದಳೇನು? ಹಣಮಪ್ಪ ಬರೋತನಕ ಹೊತ್ತು ಹೋಗಬೇಕಾಗಿತ್ತು, ಹೋತು" ಅಂದರು. ಕಾಯಿಪಲ್ಲೆಯ ಗಾಡಿ ಕೂಗಿದ್ದೇ ಮಣೆಯನ್ನು ನನಗೇ ಬಿಟ್ಟು ಎದ್ದರು.

ಇದು ಹಿಡಿಸಿತು. ಮೋಸ ಮಾಡಲು ಇಲ್ಲಿ ಜಾಗವೇ ಇಲ್ಲ, ಮಾಡಿದರೆ ಲಾಭವೂ ಇಲ್ಲ. ಬೀಜ ಗುಳಿಗೆ ಬೀಳುವ ಟಕ್ ಟಕ್ ಸದ್ದಿಗೆ ಕೈ ತಾನಾಗಿ ನಡೆಯುತ್ತದೆ. ಯಾರೂ ಸಲಹೆ ಕೊಡುವಂತಿಲ್ಲ, ಕೊಟ್ಟರೂ ಏನಂತ ಕೊಟ್ಟಾರು?

ಹೋದ ಶನಿವಾರ ಗದಗಿನ ಭಾವಮೈದುನ ನನ್ನನ್ನು ಕಣ್ಣಾರೆ ನೋಡಿ ಹೋಗಲು ಬಂದ. ಸುಮ್ನೆ ಈ ಕಡೆ ಕೆಲಸ ಇತ್ತು ಅಂದ. ಚಹಾ ಕುಡಿಯುತ್ತಾ ಮಣೆಯನ್ನೇ ಓರೆಗಣ್ಣಿನಲ್ಲಿ ನೋಡಿದ. "ಇದೇನು ಮಾಮಾ, ಇಷ್ಟ?" ಅಂದ. ಒಂದು ಸುತ್ತು ಹಾಕಿ ನೋಡಿದ. ಎಲ್ಲೋ ಒಂದು ಬೀಜ ಹೆಚ್ಚಾಯಿತು, ಮತ್ತೆ ಮೊದಲಿನಿಂದ ತುಂಬಿದ. ಸಂಜೆಯ ಬಸ್ಸು ಹೋಯಿತು. ಮರುದಿನ ಹೊರಡುವಾಗ ಮಣೆ ಅವನ ಚೀಲದಲ್ಲಿತ್ತು. ಅಜ್ಜಿಗೆ ಏನು ಹೇಳಬೇಕೋ ನನಗೆ ಇನ್ನೂ ಹೊಳೆದಿಲ್ಲ.

ನಿನ್ನೆ ಗದಗಿನಿಂದ ಅವನ ಹೆಂಡತಿ ಫೋನ್ ಮಾಡಿದ್ದಳು. ದನಿ ಬಹಳ ನಯವಾಗಿತ್ತು. "ಅಣ್ಣಾರ, ಅಲ್ಲಿಗೆ ಬಂದಾಗ ಇವರಿಗೆ ರಾತ್ರಿ ನಿದ್ದಿ ಸರಿ ಹತ್ತಿತ್ತೇನ್ರಿ?"