ಮುನ್ನೂರು ಮೀಟರ್ ಆಳದ ಮೀಟಿಂಗ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹೊರವರ್ತುಲ ರಸ್ತೆಯ ಕಚೇರಿಯೊಂದರ ಎಂಟನೇ ಮಹಡಿಯಲ್ಲಿ ಕುಳಿತು ಮುಂದಿನ ತ್ರೈಮಾಸಿಕದ ಗುರಿಗಳನ್ನು ಚರ್ಚಿಸುವ ಹಿರಿಯ ಅಧಿಕಾರಿಯ ಮಣಿಕಟ್ಟಿನಲ್ಲಿರುವ ವಾಚು ಮಾತ್ರ ಸಮುದ್ರದೊಳಗೆ 300 ಮೀಟರ್ ಆಳದ ಒತ್ತಡವನ್ನು ತಡೆಯಬಲ್ಲದು. ಅದು ತನ್ನ ಯೋಗ್ಯತೆಯನ್ನು ತೋರಿಸಬೇಕಾದರೆ ಮಾಲೀಕರು ಲಿಫ್ಟಿನಲ್ಲಿ ಕೆಳಗಿಳಿದು, ಶಿರಾಡಿ ಘಾಟಿಯನ್ನು ದಾಟಿ ಮಂಗಳೂರು ಸೇರಿ, ದಡ ಕಣ್ಮರೆಯಾದ ಮೇಲೂ ಬಹುದೂರ ದೋಣಿಯಲ್ಲಿ ಸಾಗಿ, ಅಲ್ಲಿ ಮುಳುಗಬೇಕು. ಅಷ್ಟು ಆಳದಲ್ಲಿಯೂ ವಾಚು ನಡೆಯುತ್ತಲೇ ಇರುತ್ತದೆ; ಮಾಲೀಕರ ವಿಷಯದಲ್ಲಿ ಕಂಪನಿ ಯಾವ ಭರವಸೆಯನ್ನೂ ಕೊಟ್ಟಿಲ್ಲ.

ಇಂಥ ವಾಚುಗಳಿಗೆ ‘ಟೂಲ್ ವಾಚ್’ ಎಂಬ ಬಿರುದಿದೆ. ಸುತ್ತಿಗೆ, ಇಕ್ಕಳ, ಸ್ಪ್ಯಾನರುಗಳ ಸಾಲಿಗೆ ಸೇರಿದ, ದುಡಿಮೆಗೆಂದೇ ಹುಟ್ಟಿದ ವಸ್ತು ಇದೆಂದು ಅದರ ಭಕ್ತರು ಹೇಳುತ್ತಾರೆ. ಒಂದು ಕಾಲಕ್ಕೆ ಇದು ಸುಳ್ಳಾಗಿರಲಿಲ್ಲ. 1953ರ ರೋಲೆಕ್ಸ್ ಸಬ್‌ಮರೀನರ್ 100 ಮೀಟರ್ ಆಳದ ಹೊಣೆಯನ್ನಷ್ಟೇ ಹೊತ್ತಿತ್ತು. ನೀರಿಗಿಳಿಯುವವನು ಅದರ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಬಳೆಯನ್ನು, ತಿರುಗಿಸಿಟ್ಟು, ತಾನು ಒಳಗೆ ಎಷ್ಟು ನಿಮಿಷ ಕಳೆದೆನೆಂದು ಲೆಕ್ಕ ಇಟ್ಟುಕೊಳ್ಳುತ್ತಿದ್ದನು. ಈಗ ಆ ಲೆಕ್ಕವನ್ನು ಡೈವ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹೀಗೆ ಕೆಲಸ ಕೈಬಿಟ್ಟುಹೋದ ಮೇಲೆ ಆಳ ಮಾತ್ರ ಏರುತ್ತಲೇ ಬಂತು. ಅದೇ ಕಂಪನಿ 2008ರಲ್ಲಿ 3,900 ಮೀಟರ್ ತಾಳುವ ಡೀಪ್‌ಸೀ ಮಾದರಿಯನ್ನು ತಂದಿತು. 2022ರಲ್ಲಿ 11,000 ಮೀಟರ್ ತಾಳುವ ಇನ್ನೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಭೂಮಿಯ ಮೇಲಿನ ಅತ್ಯಂತ ಆಳದ ಸಮುದ್ರತಳವೇ 11,000 ಮೀಟರಿಗಿಂತ ತುಸು ಕಡಿಮೆ ಇರುವುದರಿಂದ, ಗ್ರಾಹಕರು ತಳ ಮುಟ್ಟಿದ ಮೇಲೂ ಗುದ್ದಲಿ ಹಿಡಿದು ಇನ್ನಷ್ಟು ಅಗೆಯಲು ಅವಕಾಶವಿದೆ. ಹವ್ಯಾಸಕ್ಕಾಗಿ ಡೈವ್ ಮಾಡುವವರಿಗೆ ತರಬೇತಿ ಸಂಸ್ಥೆಗಳು ವಿಧಿಸಿರುವ ಮಿತಿ 40 ಮೀಟರ್. ಮುರುಡೇಶ್ವರದ ಆಚೆ ನೇತ್ರಾಣಿಯ ಬಳಿ ಮೊದಲ ಬಾರಿ ನೀರಿಗಿಳಿಯುವ ಪ್ರವಾಸಿಯನ್ನು ಹತ್ತು ಹನ್ನೆರಡು ಮೀಟರಿಗಿಂತ ಕೆಳಕ್ಕೆ ಒಯ್ಯುವುದಿಲ್ಲ. ಅಲ್ಲಿಯೂ ಬೋಧಕ ಕೈ ಹಿಡಿದೇ ಇರುತ್ತಾನೆ.

ಕೆಲವು ಮಾದರಿಗಳ ಪಕ್ಕದಲ್ಲಿ ಹೀಲಿಯಂ ಹೊರಬಿಡುವ ಪುಟ್ಟ ಕವಾಟವೂ ಇರುತ್ತದೆ. ಒತ್ತಡ ತುಂಬಿದ ಕೋಣೆಯಲ್ಲಿ ದಿನಗಟ್ಟಲೆ ವಾಸಿಸುತ್ತ ಹೀಲಿಯಂ ಬೆರೆತ ಗಾಳಿಯನ್ನೇ ಉಸಿರಾಡುವ ವೃತ್ತಿಪರ ಮುಳುಗುಗಾರರ ವಾಚಿನೊಳಗೆ ಆ ಅನಿಲ ನುಸುಳಿಕೊಳ್ಳುತ್ತದೆ. ಮೇಲೆ ಬರುವಾಗ ಅದಕ್ಕೆ ದಾರಿ ಮಾಡಿಕೊಡದಿದ್ದರೆ ಗಾಜು ಕಿತ್ತು ಹಾರೀತೆಂಬ ಭಯದಿಂದ ಹುಟ್ಟಿದ ಜಾಣ ಉಪಾಯ ಅದು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಹೀಲಿಯಂ ಕಾಣಿಸಿಕೊಳ್ಳುವುದು ಮಕ್ಕಳ ಹುಟ್ಟುಹಬ್ಬದ ಬಲೂನುಗಳಲ್ಲಿ ಮಾತ್ರ.

ಬೆಂಗಳೂರಿಗೂ ಒಮ್ಮೆ ಅವಕಾಶ ಒದಗಿತ್ತೆಂಬುದನ್ನು ಮರೆಯಬಾರದು. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆಯೂ ಅದರ ಸುತ್ತಲಿನ ಐಷಾರಾಮಿ ಬಡಾವಣೆಗಳೂ ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಜಲನಿರೋಧಕ ವಾಚುಗಳ ಇಷ್ಟು ದೊಡ್ಡ ದಂಡು ಒಂದೇ ವಾರ ನೀರನ್ನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲಿರಬೇಕು. ಆದರೆ ಅಂದು ಕೆಲಸಕ್ಕೆ ಬಂದ ಉಪಕರಣ ಟ್ರ್ಯಾಕ್ಟರ್.

ಹಾಗೆಂದು ಈ ವಾಚುಗಳಿಗೆ ಗಾಯವೇ ಆಗುವುದಿಲ್ಲ ಎನ್ನಲಾಗದು. ಯಾವುದಾದರೊಂದು ಟೂಲ್ ವಾಚನ್ನು ಕಳಚಿ ತಿರುವಿ ನೋಡಿ. ಡಯಲ್ ಹೊಳೆಯುತ್ತಿರುತ್ತದೆ, ಗಾಜಿನ ಮೇಲೆ ಗೀರಿಲ್ಲ, ಬೆಜೆಲ್ಲಿನ ಅಂಚಿನ ಹಲ್ಲುಗಳು ಹೊಸದರಂತೆಯೇ ಚೂಪಾಗಿವೆ. ಚೈನಿನ ಕೊಂಡಿಯ ಅಡಿಭಾಗದಲ್ಲಿ ಮಾತ್ರ ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಒತ್ತಾಗಿ ಬಿದ್ದಿರುತ್ತವೆ. ಅವು ಹವಳದ ದಿಬ್ಬಕ್ಕೆ ಉಜ್ಜಿ ಆದವಲ್ಲ, ಲ್ಯಾಪ್‌ಟಾಪಿನ ಅಂಚಿಗೆ ಉಜ್ಜಿ ಆದವು. ಈ ವೀರನ ಎದುರಾಳಿ ಎಕ್ಸೆಲ್ ಹಾಳೆ. ಅಷ್ಟನ್ನೂ ಸಹಿಸಲಾಗದೆ ಕೊಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಪೊರೆ ಅಂಟಿಸಿಕೊಳ್ಳುವವರೂ, ಪಾತ್ರೆ ತೊಳೆಯುವ ಮುನ್ನ ವಾಚನ್ನು ಬಿಚ್ಚಿ ಎತ್ತಿಡುವವರೂ ಇದ್ದಾರೆ. ಕಾಂತಶಕ್ತಿಯ ಕಥೆಯೂ ಹೀಗೆಯೇ ಇದೆ. ಒಮೆಗಾ ಕಂಪನಿಯ ‘ಮಾಸ್ಟರ್ ಕ್ರೋನೋಮೀಟರ್’ ವಾಚುಗಳು 15,000 ಗಾಸ್ ಕಾಂತಕ್ಷೇತ್ರವನ್ನು ತಡೆದುಕೊಳ್ಳುತ್ತವೆ. ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಯಂತ್ರದ ಬಲವೂ ಅಷ್ಟೇ, 1.5 ಟೆಸ್ಲಾ. ಆದರೆ ಆ ಕೋಣೆಯ ಬಾಗಿಲಿನಲ್ಲಿ ನಿಂತ ತಂತ್ರಜ್ಞನು ಪ್ರಮಾಣಪತ್ರವನ್ನು ಓದುವ ಗೋಜಿಗೆ ಹೋಗದೆ, ವಾಚನ್ನು ಬಿಚ್ಚಿ ಟ್ರೇಯಲ್ಲಿಡಲು ಹೇಳುತ್ತಾನೆ.

ಸಮಯದ ಪ್ರಶ್ನೆಯನ್ನು ಕೇಳುವುದು ಈ ವಲಯದಲ್ಲಿ ಅಸಭ್ಯತೆ. ನಿಖರತೆಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರ ಪಡೆದ ಯಂತ್ರ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ ಬೀಳಬಹುದು ಅಥವಾ ಆರು ಸೆಕೆಂಡ್ ಮುಂದೆ ಓಡಬಹುದು. 1989ರಲ್ಲಿ ಬಂದ, ಪಿಯುಸಿ ಹುಡುಗರು ಕಟ್ಟಿಕೊಳ್ಳುವ ಕ್ಯಾಸಿಯೋ ಎಫ್-91ಡಬ್ಲ್ಯೂ ತಿಂಗಳಿಗೆ ಮೂವತ್ತು ಸೆಕೆಂಡಿನೊಳಗಿನ ವ್ಯತ್ಯಾಸದ ಮಾತು ಕೊಡುತ್ತದೆ. ಅದಕ್ಕೆ ಬ್ಯಾಟರಿ ಬೇಕಲ್ಲ ಎಂದು ಭಕ್ತರು ಮೂಗು ಮುರಿಯುತ್ತಾರೆ. ತಮ್ಮ ವಾಚು ಕೈಯ ಚಲನೆಯಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆಂದು ಹೆಮ್ಮೆಯಿಂದ ಹೇಳಿ, ರಾತ್ರಿ ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪೆಟ್ಟಿಗೆಯೊಂದರಲ್ಲಿ ಮಲಗಿಸುತ್ತಾರೆ. ಆ ಪೆಟ್ಟಿಗೆ ಕರೆಂಟಿನಿಂದ ವಾಚನ್ನು ಮೆಲ್ಲಗೆ ತಿರುಗಿಸುತ್ತ, ಅದು ನಿಲ್ಲದಂತೆ ನೋಡಿಕೊಳ್ಳುತ್ತದೆ.

ಇದೆಲ್ಲ ಹೊರಗಿನ ಮಾತು. ಭಕ್ತಿಯ ಗರ್ಭಗುಡಿ ಇರುವುದು ಒಳಗೆ, ಯಂತ್ರದಲ್ಲಿ. ಇಬ್ಬರು ವಾಚುಪ್ರಿಯರು ಭೇಟಿಯಾದರೆ, ವಧುಪರೀಕ್ಷೆಗೆ ಬಂದ ಹಿರಿಯರು ಕಾಫಿ ಬರುವ ಮೊದಲೇ ಗೋತ್ರ ವಿಚಾರಿಸುವಂತೆ, ಮೂವ್‌ಮೆಂಟ್, ಅಂದರೆ ವಾಚನ್ನು ನಡೆಸುವ ಒಳಯಂತ್ರ, ಇನ್‌ಹೌಸೋ ಹೊರಗಿನದೋ ಎಂದು ಕೇಳುತ್ತಾರೆ. ಕಂಪನಿ ತಾನೇ ತಯಾರಿಸಿದ್ದರೆ ಕುಲೀನ; ಯಂತ್ರ ಮಾಡಿ ಮಾರುವ ಇಟಿಎ ಅಥವಾ ಸೆಲ್ಲಿಟಾ ಕಂಪನಿಯಿಂದ ಕೊಂಡು ತಂದದ್ದಾದರೆ ಮಾತು ಅಲ್ಲಿಗೇ ತಣ್ಣಗಾಗುತ್ತದೆ. ದಶಕಗಳ ಕಾಲ ಹತ್ತಾರು ಹೆಸರುಗಳ ವಾಚುಗಳೊಳಗೆ ಗಂಟೆಗೆ 28,800 ಬಾರಿ ಬಡಿದುಕೊಂಡು, ಒಂದು ದಿನವೂ ತಕರಾರು ಮಾಡದೆ ದುಡಿದ ಇಟಿಎ 2824 ಎಂಬ ಯಂತ್ರ ಈ ಸಂಬಂಧಗಳಲ್ಲಿ ಪಂಕ್ತಿಯ ಹೊರಗೆ ಕೂರಬೇಕು.

ಗೋತ್ರದ ನಿಯಮ ದೊಡ್ಡಮನೆಗಳಿಗೆ ಅನ್ವಯಿಸುವುದಿಲ್ಲ ಎಂಬುದು ಇಲ್ಲಿಯೂ ನಿಜ. ರೋಲೆಕ್ಸ್ ಡೇಟೋನಾ 1988ರಿಂದ 2000ದವರೆಗೆ ಜೆನಿತ್ ಕಂಪನಿಯ ಎಲ್ ಪ್ರಿಮೆರೋ ಯಂತ್ರವನ್ನು ತಿದ್ದಿ ಬಳಸಿಕೊಂಡಿತ್ತು. ಆ ಕಾಲದ ಡೇಟೋನಾಗಳನ್ನು ಈಗ ಸಂಗ್ರಾಹಕರು ಜೆನಿತ್ ಹೆಸರು ಹಿಡಿದೇ ಹುಡುಕಿ ಕೊಳ್ಳುತ್ತಾರೆ. ಹೊರಗಿನ ಯಂತ್ರವೇ ಅಲ್ಲಿ ಆಭರಣ. 1969ರಲ್ಲಿ ಚಂದ್ರನ ನೆಲ ಮೆಟ್ಟಿದ ಒಮೆಗಾ ಸ್ಪೀಡ್‌ಮಾಸ್ಟರಿನೊಳಗಿದ್ದ 321 ಯಂತ್ರದ ಮೂಲ ಲೆಮಾನಿಯಾ ಎಂಬ ಯಂತ್ರ ತಯಾರಕ ಕಂಪನಿ. ಗಗನಯಾತ್ರಿ ಬಝ್ ಆಲ್ಡ್ರಿನ್ ಅದನ್ನು ಕಟ್ಟಿಕೊಳ್ಳುವ ಮುನ್ನ ವಂಶಾವಳಿ ಕೇಳಲಿಲ್ಲ. ಟೂಲ್ ವಾಚುಗಳಲ್ಲಿ ನಿಜವಾಗಿ ಟೂಲ್ ಆಗಿ ದುಡಿದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಿಕ್ಕಿಲ್ಲ, ಮತ್ತು ಅದು ಇಂದಿನ ಪರೀಕ್ಷೆಯಲ್ಲಿ ಕೃಪಾಂಕ ಪಡೆದೇ ಪಾಸಾಗಬೇಕು.

ಈಚಿನ ಕುಲೀನರ ಕಥೆ ಇನ್ನೂ ಸ್ವಾರಸ್ಯದ್ದು. ಟ್ಯೂಡರ್ ವಾಚುಗಳ ಇನ್‌ಹೌಸ್ ಯಂತ್ರಗಳನ್ನು ತಯಾರಿಸುವುದು ಕೆನಿಸಿ ಎಂಬ ಸಂಸ್ಥೆ. ಅದರಲ್ಲಿ ಸುಗಂಧದ್ರವ್ಯಗಳಿಗೆ ಹೆಸರಾದ ಶನೆಲ್‌ಗೂ ಪಾಲಿದೆ. ಅಲ್ಲಿಂದಲೇ ಬ್ರೈಟ್ಲಿಂಗ್ ಎಂಬ ವಾಚು ಕಂಪನಿ ಕೂಡ ಯಂತ್ರ ತರಿಸಿಕೊಂಡಿದೆ. ಪ್ರತಿಯಾಗಿ ಬ್ರೈಟ್ಲಿಂಗ್ ಮನೆಯ ಕ್ರೋನೋಗ್ರಾಫ್ (ಸ್ಟಾಪ್‌ವಾಚ್) ಯಂತ್ರ ಟ್ಯೂಡರ್‌ಗೆ ಬಂದಿದೆ. ಹೆಣ್ಣು ಕೊಟ್ಟು ಹೆಣ್ಣು ತರುವ ಈ ಪದ್ಧತಿಯಲ್ಲಿ ತಪ್ಪೇನೂ ಇಲ್ಲ, ಯಂತ್ರಗಳೂ ಉತ್ತಮವಾದವೇ. ಆದರೆ ಇದಾದ ಮೇಲೂ ಎರಡೂ ಕಡೆಯ ಭಕ್ತರು ತಮ್ಮ ತಮ್ಮ ಶುದ್ಧಿಯನ್ನು ಸಾರುವಾಗ ನಗು ತಡೆಯುವುದು ಕಷ್ಟ.

ಕುಲೀನತೆಯ ನಿಜವಾದ ಖರ್ಚು ತಿಳಿಯುವುದು ರಿಪೇರಿಯ ದಿನ. ಇಟಿಎ ಯಂತ್ರ ನಿಂತರೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಕ್ಕಪೇಟೆಯ ಮೂಲೆಯಲ್ಲಿ ಕುಳಿತ ರಿಪೇರಿಯವರು ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಬಿಡಿಭಾಗ ಹಾಕಿ ಕೊಡಬಲ್ಲರು. ಇನ್‌ಹೌಸ್ ಯಂತ್ರಕ್ಕೆ ಅವರು ಕೈ ಹಾಕುವಂತಿಲ್ಲ, ಏಕೆಂದರೆ ಹಲವು ಕಂಪನಿಗಳು ಬಿಡಿಭಾಗಗಳನ್ನು ಹೊರಗಿನವರಿಗೆ ಮಾರುವುದೇ ಇಲ್ಲ. ಅಧಿಕೃತ ಕೇಂದ್ರಕ್ಕೆ ಕಳುಹಿಸಿ, ಎಷ್ಟು ವಾರವಾದರೂ ತುಟಿ ಬಿಚ್ಚದೆ ಕಾಯಬೇಕು. ಯುದ್ಧಭೂಮಿಗೂ ಸಾಗರಗರ್ಭಕ್ಕೂ ಸಿದ್ಧವಾದ ಈ ಉಪಕರಣವನ್ನು ಹೊರಡುವ ಊರಿನಲ್ಲೇ ಯಾರೂ ಮುಟ್ಟುವಂತಿಲ್ಲ.

ಕಾಯುವುದು ಈ ಜನಕ್ಕೆ ಹೊಸದೂ ಅಲ್ಲ. ಕೊಳ್ಳುವಾಗಲೇ ಕಾದಿರುತ್ತಾರೆ. ಗಾಜಿನ ಕಪಾಟಿನಲ್ಲಿ ಮಿನುಗುವ ವಾಚಿನ ಪಕ್ಕದಲ್ಲಿ ‘ಪ್ರದರ್ಶನಕ್ಕೆ ಮಾತ್ರ’ ಎಂಬ ಫಲಕವಿರುತ್ತದೆ. ಎಂಟು ಹತ್ತು ಲಕ್ಷ ರೂಪಾಯಿ ಕೈಯಲ್ಲಿ ಹಿಡಿದು ನಿಂತ ಸದ್ಗೃಹಸ್ಥರು ಹೆಸರು ಬರೆಸಿ, ಮಾರಾಟಗಾರನ ಕೃಪಾಕಟಾಕ್ಷಕ್ಕಾಗಿ ನಗುನಗುತ್ತ ಹಿಂದಿರುಗುತ್ತಾರೆ. ಲೈಸೆನ್ಸ್-ಪರ್ಮಿಟ್ ಕಾಲದಲ್ಲಿ ಎಚ್‌ಎಂಟಿ ವಾಚಿಗಾಗಿ ಕಾಯುತ್ತಿದ್ದ ಅವರ ಅಪ್ಪಂದಿರು ಕನಿಷ್ಠಪಕ್ಷ ಸರ್ಕಾರವನ್ನು ಬೈದುಕೊಳ್ಳುತ್ತಿದ್ದರು.

ಎಚ್‌ಎಂಟಿ ಎಂದಾಗ ನೆನಪಾಯಿತು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆ ಜನತಾ, ಪೈಲಟ್ ಮುಂತಾದ ಕೀ ಕೊಡುವ ವಾಚುಗಳನ್ನು ಲಕ್ಷಗಟ್ಟಲೆ ತಯಾರಿಸಿತು. ಮೇಷ್ಟ್ರು, ಕಂಡಕ್ಟರು, ಸ್ಟೇಷನ್ ಮಾಸ್ಟರು, ಮದುವೆ ಗಂಡು ಎಲ್ಲರೂ ಅದನ್ನು ಕಟ್ಟಿಕೊಂಡು, ಬೆಳಿಗ್ಗೆ ಎದ್ದೊಡನೆ ಕೀ ಕೊಟ್ಟು, ಗದ್ದೆಗೂ ಡಿಪೋಗೂ ಹೋಗಿ ಬಂದರು. ಯಾರೂ ಅದನ್ನು ಟೂಲ್ ಎನ್ನಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಹಳೆಯ ಜನತಾಗಳಿಗೆ ಬೆಲೆ ಬಂದಿದೆ. ಬೆಲೆಯ ಬೆನ್ನಿಗೆ ಗೋತ್ರಪ್ರವರವೂ ಬಂದಿದೆ. ಮೂಲ ವಿನ್ಯಾಸ ಸಿಟಿಜನ್ನಿನದಾದ್ದರಿಂದ ಇದನ್ನು ಪೂರ್ಣ ಇನ್‌ಹೌಸ್ ಎನ್ನಬಹುದೇ ಎಂದು ಮಣಿಕಟ್ಟಿನಲ್ಲಿ ಹತ್ತು ಲಕ್ಷ ಹೊತ್ತ ಸಂಗ್ರಾಹಕರೊಬ್ಬರು ಜಾಲಹಳ್ಳಿಯ ಎಚ್‌ಎಂಟಿ ನಿವೃತ್ತ ನೌಕರರೊಬ್ಬರನ್ನು ಗಂಭೀರವಾಗಿ ಕೇಳುತ್ತಿದ್ದರು.

“ವಾಚು ಫ್ಯಾಕ್ಟರೀಲಿ ವಾಚು ಮಾಡದೆ ಇನ್ನೇನು ಮಾಡ್ತಾರೆ ಸ್ವಾಮಿ?” ಎಂದರು ಹಿರಿಯರು.

ಉತ್ತರದಲ್ಲಿ ಯಂತ್ರದ ಕ್ಯಾಲಿಬರ್ ಸಂಖ್ಯೆ ಇರಲಿಲ್ಲವಾದ್ದರಿಂದ ಸಂಗ್ರಾಹಕರು ಅದನ್ನು ಒಪ್ಪಲಿಲ್ಲ.